ಗೌರವ್ವನ ಮನೆ ಯಾವ ಬಗೆ?

ಪುರಸಭೆಯ ಗುಮಾಸ್ತ ಚೆನ್ನವೀರಪ್ಪನಿಗೆ ಸಾಕುಸಾಕಾಗಿತ್ತು. ಊರಿನ ಮನೆ, ಹಾಸ್ಟೆಲ್, ಛತ್ರ, ಪಿ.ಜಿ., ವೃದ್ಧಾಶ್ರಮಗಳನ್ನೆಲ್ಲ ವಿಂಗಡಿಸಿ ಬರೆದ ಪಟ್ಟಿಯನ್ನು ಸಾಹೇಬರು ನಾಲ್ಕು ಸಲ ವಾಪಸ್ ಎಸೆದಿದ್ದರು.

“ಗೌರವ್ವನ ಮನೇನ ‘ಮನೆ’ ಅಂತ ಯಾಕಯ್ಯ ಬರೆದೆ?” ಎಂದು ನಾಲ್ಕನೇ ಸಲವೂ ಗುಡುಗಿದರು.

“ಗಂಡನಿಲ್ಲದ ಆರು ಹೆಂಗಸರು ಸರ್. ಒಂದೇ ಒಲೆ. ಹನ್ನೆರಡು ವರ್ಷದಿಂದ ಒಟ್ಟಿಗಿದ್ದಾರೆ.”

“ರಕ್ತಸಂಬಂಧ ಇಲ್ಲದೋರು ಮೂರು ದಿನಕ್ಕಿಂತ ಹೆಚ್ಚು ಒಟ್ಟಿಗಿದ್ದರೆ ಅದು ಪಿ.ಜಿ.! ಪರವಾನಗಿ ಇಲ್ಲ, ನಾಳೆನೇ ಬೀಗ ಹಾಕಿಸು.”

ಆರು ಜನ ಬೀದಿಗೆ ಬೀಳುತ್ತಾರಲ್ಲ ಎಂದು ಚೆನ್ನವೀರಪ್ಪನಿಗೆ ಅನ್ನಿಸಿತು. ಆದರೂ “ಆಗಲಿ ಸರ್” ಎಂದು ಹೋಗಿ ಐದನೇ ಪಟ್ಟಿ ತಂದಿಟ್ಟ.

ಸಹಿ ಹಾಕಲು ಬಗ್ಗಿದ ಸಾಹೇಬರು ಮೊದಲ ಸಾಲಿನಲ್ಲೇ ನಿಂತುಬಿಟ್ಟರು. ‘ಸರ್ಕಾರಿ ಪ್ರವಾಸಿ ಮಂದಿರ: ಪರವಾನಗಿ ಇಲ್ಲದ ಪಿ.ಜಿ.’

“ಏನಯ್ಯ ಇದು? ನಾನಿರೋ ಜಾಗ!”

“ಹೌದು ಸರ್. ನೀವು, ಡ್ರೈವರು, ಅಡುಗೆಯವನು ಎಂಟು ತಿಂಗಳಿಂದ ಅಲ್ಲೇ ಇದ್ದೀರಿ. ನಿಮ್ಮೊಳಗೆ ರಕ್ತಸಂಬಂಧ ಇದೆಯಾ ಅಂತ ಕೇಳೋಕೆ ನನಗೆ ಧೈರ್ಯ ಬರಲಿಲ್ಲ. ಎರಡು ಬೀಗ ತಂದಿದ್ದೀನಿ, ಮೊದಲು ಎಲ್ಲಿ ಹಾಕಿಸಲಿ?”

ಸಾಹೇಬರು ಕೆಮ್ಮಿದರು, ನೀರು ಕುಡಿದರು, ಕಿಟಕಿ ಕಡೆ ನೋಡಿದರು. ಕೊನೆಗೆ, “ಒಂದೇ ಒಲೆ ಇದ್ದರೆ ಮನೆ ಅಂತಲೇ ಬರಿ, ಎರಡಕ್ಕೂ” ಎಂದು ಗೊಣಗಿದರು.

ಗೌರವ್ವನ ಮನೆಗೆ ಗೌರವ್ವನೇ ಯಜಮಾನಿ ಎಂದು ಬರೆದು ಚೆನ್ನವೀರಪ್ಪ ತಲೆಯೆತ್ತಿದ.

“ನಿಮ್ಮ ಮನೆಗೆ ಯಜಮಾನರು ಯಾರು ಸರ್? ನೀವಾ, ಅಡುಗೆಯವನಾ?”