ಕೋಳಿ ಕೆಳಗಿನ ತಂಬಿಟ್ಟು

ಹತ್ರ ಬನ್ರೋ ಮಕ್ಕಳಾ, ಕಿವಿ ಇತ್ತ ಕೊಡ್ರೋ. ಇದು ನಮ್ಮೂರ ಕತೆ. ನಮ್ಮೂರು ಅಂದ್ರೆ ಸುಮ್ನೆ ಅಲ್ಲ. ನಮ್ಮೂರ ತಂಬಿಟ್ಟಿನ ವಾಸನೆಗೆ ಪಕ್ಕದೂರಿನವರು ಉಣ್ಣೋ ತಟ್ಟೆ ಬಿಟ್ಟು ಎದ್ದು ಬರ್ತಾರೆ. ಸುಳ್ಳು ಅನ್ನೋರು ಬೇಕಾದ್ರೆ ಹೋಗಿ ಕೇಳ್ಕೊಂಡು ಬನ್ನಿ.

ನಮ್ಮೂರಲ್ಲಿ ಸಣ್ಣತಾಯಿ ಅಂತ ಒಬ್ಬಳು ಹುಡುಗಿ. ಮೂರನೇ ಕ್ಲಾಸು. ಆಳು ಗೇಣುದ್ದ, ಜಂಬ ತೆಂಗಿನ ಮರದುದ್ದ. ಅವಳಿಗೆ ಹನ್ನೆರಡರ ಮಗ್ಗಿ ನೀರು ಕುಡಿದಷ್ಟು ಸಲೀಸು. ಹದಿಮೂರರ ಮಗ್ಗಿ ಮಾತ್ರ ತಕರಾರು. ಹದಿಮೂರಾರ್ಲೆ ಎಪ್ಪತ್ತೆಂಟು ಅಂದಳೋ, ಗಾಡಿ ಗಕ್ಕನೆ ನಿಂತಿತು!

ಆಗ ಏನು ಬೇಕು? ಒಂದು ತಂಬಿಟ್ಟು ಬೇಕು. ಹುರಿಗಡಲೆ, ಬೆಲ್ಲ, ಕೊಬ್ಬರಿ, ಎಳ್ಳು. ಅವಳಜ್ಜಿ ಕುಟ್ಟಿ, ಕಲಸಿ, ಮುಷ್ಟೀಲಿ ಅಮುಕಿ ಉಂಡೆ ಕಟ್ಟೋಳು. ಅದು ಹೊಟ್ಟೆಗೆ ಇಳೀತೋ, ಗಾಡಿ ಹೊರಟಿತು!

ಒಂದಿನ ಊಟಕ್ಕೆ ಬಿಡುವಾಗ ಮರಿಯಪ್ಪ ಮೇಷ್ಟ್ರು ಹೇಳಿದರು, "ಬಿಡುವು ಮುಗಿಯೋ ಹೊತ್ತಿಗೆ ಯಾರು ಹದಿಮೂರರ ಮಗ್ಗಿ ನಿಲ್ಲಿಸದೆ ಹೇಳ್ತೀರೋ, ಅವರೇ ಇವತ್ತು ಸ್ಕೂಲಿನ ಗಂಟೆ ಹೊಡೀಬಹುದು."

ಸ್ಕೂಲಿನ ಗಂಟೆ! ಢಣ್ ಢಣ್ ಅನ್ನೋ ಗಂಟೆ! ಇಷ್ಟು ದಿನ ದೊಡ್ಡ ಹುಡುಗರೇ ಹೊಡೀತಿದ್ದ ಗಂಟೆ!

ಸಣ್ಣತಾಯಿ ಮನೆಗೆ ಓಡಿದಳು. ಅಜ್ಜಿ ಕಳೆ ಕೀಳೋಕೆ ಹೋಗಿದ್ದಳು. ಡಬ್ಬೀಲಿ ಇದ್ದದ್ದು ಒಂದೇ ತಂಬಿಟ್ಟು. ಅದನ್ನು ತಗೊಂಡು ಜಗಲಿ ಮೇಲೆ ಕೂತಳು. ಬಾಯಿ ತೆರೆದಳು.

ಕೈ ಜಾರಿತು. ತಂಬಿಟ್ಟು ಬಿತ್ತು. ಟಪ್! ಉರುಳಿತು. ಗುಡುಗುಡು ಗುಡುಗುಡು. ಉರುಳಿ ಉರುಳಿ ಹೋಗಿ ಎಲ್ಲಿ ನಿಂತಿತು? ಜಗಲಿ ಮೂಲೇಲಿ ಕಾವಿಗೆ ಕೂತಿತ್ತಲ್ಲ ಕೋಳಿ, ಅದರ ಹೊಟ್ಟೆ ಕೆಳಗೆ!

"ಕೋಳಿ, ಕೋಳಿ, ಏಳು. ನನ್ನ ತಂಬಿಟ್ಟು ಕೊಡು."

"ಕೊಕ್ಕೊಕ್! ಯಾವ ತಂಬಿಟ್ಟು? ದುಂಡಗೈತೆ. ನನ್ನ ಕೆಳಗೈತೆ. ಇದು ನನ್ನ ಮೊಟ್ಟೆ."

"ಮೊಟ್ಟೇಲಿ ಎಳ್ಳು ಇರ್ತದೇನೇ, ಪೆದ್ದಿ?"

"ನನ್ನ ಮೊಟ್ಟೆ, ನನ್ನಿಷ್ಟ. ಬೆಳಗಿಂದ ಒಂದು ಹುಳ ತಿಂದಿಲ್ಲ. ಗೆದ್ದಲು ತಂದು ಹಾಕು. ತಿನ್ನೋಕೆ ಏಳ್ತೀನಿ."

ಸಣ್ಣತಾಯಿ ಬೇಲಿ ಪಕ್ಕದ ಹುತ್ತದ ಹತ್ರ ಓಡಿದಳು.

"ಹುತ್ತ, ಹುತ್ತ, ಗೆದ್ದಲು ಕೊಡು.
ಗೆದ್ದಲು ಇಲ್ಲ, ಕೋಳಿ ಏಳಲ್ಲ.
ಕೋಳಿ ಏಳಲ್ಲ, ತಂಬಿಟ್ಟು ಇಲ್ಲ.
ತಂಬಿಟ್ಟು ಇಲ್ಲ, ಮಗ್ಗಿ ಬರಲ್ಲ!"

ಹುತ್ತ ಗೊಣಗಿತು. "ತಗೊಂಡು ಹೋಗು ಮಾರಾಯ್ತಿ, ಇವುಗಳ ಕಾಟ ಸಾಕಾಗೈತೆ. ಆದ್ರೆ ನನ್ನ ಮೈ ಅಗೀಬೇಡ. ಒಂದು ಮಡಕೆ ತಾ. ಒಳಗೆ ಒಣಹುಲ್ಲು, ಸಗಣಿ ಹಾಕಿ ನನ್ನ ಮೇಲೆ ಬೋರಲು ಇಡು. ತಿನ್ನೋ ಆಸೆಗೆ ತಾವೇ ಹತ್ತಿ ಬರ್ತವೆ. ಮಡಕೆ ಇಲ್ಲ ಅಂದ್ರೆ ಗೆದ್ದಲೂ ಇಲ್ಲ."

ಸಣ್ಣತಾಯಿ ಕುಂಬಾರ ಸಿದ್ದಶೆಟ್ಟಿ ತಾತನ ಹತ್ರ ಓಡಿದಳು. ತಾತ ಚಕ್ರ ತಿರುಗಿಸ್ತಾ ಕೂತಿದ್ದ.

"ಏನೇ ಕುಳ್ಳಿ, ನಾಯಿ ಅಟ್ಟಿಸ್ಕೊಂಡು ಬಂತಾ?"

"ನಾಯಿ ಅಲ್ಲ ತಾತ, ಮಗ್ಗಿ ಅಟ್ಟಿಸ್ಕೊಂಡು ಬರ್ತೈತೆ! ಮಡಕೆ ಕೊಡು.
ಮಡಕೆ ಇಲ್ಲ, ಗೆದ್ದಲು ಇಲ್ಲ.
ಗೆದ್ದಲು ಇಲ್ಲ, ಕೋಳಿ ಏಳಲ್ಲ.
ಕೋಳಿ ಏಳಲ್ಲ, ತಂಬಿಟ್ಟು ಇಲ್ಲ.
ತಂಬಿಟ್ಟು ಇಲ್ಲ, ಮಗ್ಗಿ ಬರಲ್ಲ!"

"ಒಡಕು ಮಡಕೆ ಬೇಕಾದಷ್ಟು ಐತೆ. ಎದ್ದು ತರೋಕೆ ಶಕ್ತಿ ಎಲ್ಲೈತೆ? ಚಕ್ರ ತಿರುಗಿಸಿ ಹೊಟ್ಟೆ ಬೆನ್ನಿಗೆ ಅಂಟೈತೆ. ಒಂದು ಬೊಗಸೆ ಕಡ್ಲೆಪುರಿ ತಾ. ಮೆಲ್ಲುತ್ತಾ ಏಳ್ತೀನಿ. ಪುರಿ ಇಲ್ಲ ಅಂದ್ರೆ ಮಡಕೆಯೂ ಇಲ್ಲ."

ಸಣ್ಣತಾಯಿ ಪುರಿ ಭಟ್ಟಿಗೆ ಓಡಿದಳು. ಭಟ್ಟೀಲಿ ಗೌರಕ್ಕ ಪುರಿ ಹುರೀತಿದ್ದಳು. ಚಟಪಟ, ಚಟಪಟ.

"ಗೌರಕ್ಕಾ, ಗೌರಕ್ಕಾ, ಪುರಿ ಕೊಡು.
ಪುರಿ ಇಲ್ಲ, ಮಡಕೆ ಇಲ್ಲ.
ಮಡಕೆ ಇಲ್ಲ, ಗೆದ್ದಲು ಇಲ್ಲ.
ಗೆದ್ದಲು ಇಲ್ಲ, ಕೋಳಿ ಏಳಲ್ಲ.
ಕೋಳಿ ಏಳಲ್ಲ, ತಂಬಿಟ್ಟು ಇಲ್ಲ.
ತಂಬಿಟ್ಟು ಇಲ್ಲ, ಮಗ್ಗಿ ಬರಲ್ಲ!"

"ಅಯ್ಯೋ ನನ್ನವ್ವ, ಭಟ್ಟಿ ಮುಂದೆ ನಿಂತು ನಾನೇ ಪುರಿ ಆಗೋಗಿದೀನಿ. ಗಂಟಲು ಒಣಗೈತೆ. ಒಂದು ಚೊಂಬು ಮಜ್ಜಿಗೆ ತಾ. ಕುಡಿದು, ಪುರಿ ಅಳೆದು ಕೊಡ್ತೀನಿ. ಮಜ್ಜಿಗೆ ಇಲ್ಲ ಅಂದ್ರೆ ಪುರಿಯೂ ಇಲ್ಲ."

ಸಣ್ಣತಾಯಿ ನಂಜಮ್ಮತ್ತೆ ಮನೆಗೆ ಓಡಿದಳು. ಮೊಸರಿನ ಗಡಿಗೇಲಿ ಕಡೆಗೋಲು ಸುಮ್ನೆ ನಿಂತಿತ್ತು. ಅತ್ತೆ ತೊಟ್ಟಿಲು ತೂಗ್ತಿದ್ದಳು. ತೊಟ್ಟಿಲಲ್ಲಿ ಮಗು ಸೂರು ಹಾರೋ ಹಂಗೆ ಅಳ್ತಿತ್ತು.

"ಅತ್ತೆ, ಅತ್ತೆ, ಮಜ್ಜಿಗೆ ಕೊಡು!"

"ಏನಂದೆ? ಕೇಳಲ್ಲ, ಜೋರಾಗಿ ಹೇಳು!"

"ಮಜ್ಜಿಗೆ ಇಲ್ಲ, ಪುರಿ ಇಲ್ಲ!
ಪುರಿ ಇಲ್ಲ, ಮಡಕೆ ಇಲ್ಲ!
ಮಡಕೆ ಇಲ್ಲ, ಗೆದ್ದಲು ಇಲ್ಲ!
ಗೆದ್ದಲು ಇಲ್ಲ, ಕೋಳಿ ಏಳಲ್ಲ!
ಕೋಳಿ ಏಳಲ್ಲ, ತಂಬಿಟ್ಟು ಇಲ್ಲ!
ತಂಬಿಟ್ಟು ಇಲ್ಲ, ಮಗ್ಗಿ ಬರಲ್ಲ!"

"ಇವನು ಮಲಗಿದ್ರೆ ತಾನೇ ನಾನು ಕಡೆಯೋದು? ಹಾಲು ಕುಡಿಸಿದೆ, ಮಲಗಲಿಲ್ಲ. ಹಾಡು ಹೇಳಿದೆ, ಮಲಗಲಿಲ್ಲ. ನೀನು ಮಲಗಿಸು, ನಾನು ಕಡೀತೀನಿ. ಮಗು ಮಲಗಲ್ಲ ಅಂದ್ರೆ ಮಜ್ಜಿಗೆಯೂ ಇಲ್ಲ."

ಸಣ್ಣತಾಯಿ ತೊಟ್ಟಿಲೊಳಗೆ ಇಣುಕಿದಳು.

"ಮಗು, ಮಗು, ಮಲಕ್ಕೋ.
ನೀನು ಮಲಗಲ್ಲ, ಮಜ್ಜಿಗೆ ಇಲ್ಲ.
ಮಜ್ಜಿಗೆ ಇಲ್ಲ, ಪುರಿ ಇಲ್ಲ.
ಪುರಿ ಇಲ್ಲ, ಮಡಕೆ ಇಲ್ಲ.
ಮಡಕೆ ಇಲ್ಲ, ಗೆದ್ದಲು ಇಲ್ಲ.
ಗೆದ್ದಲು ಇಲ್ಲ, ಕೋಳಿ ಏಳಲ್ಲ.
ಕೋಳಿ ಏಳಲ್ಲ, ತಂಬಿಟ್ಟು ಇಲ್ಲ.
ತಂಬಿಟ್ಟು ಇಲ್ಲ, ಮಗ್ಗಿ ಬರಲ್ಲ!"

ಮಗು ಏನಂತು? "ಊಂವ್ಯಾ!" ಅಂತು. ಮಗೂಗೆ ಏನು ಬೇಕು ಅಂತ ಮಗೂಗೇ ಗೊತ್ತಿಲ್ಲ!

ಈಗ ಇನ್ನೆಲ್ಲಿಗೆ ಓಡೋದು? ಎಲ್ಲಿಗೂ ಇಲ್ಲ. ಸಣ್ಣತಾಯಿಗೆ ಕಣ್ಣೀರು ಬಂತು. ಕೈಯಲ್ಲಿ ಏನೂ ಇಲ್ಲ. ಬಾಯಲ್ಲಿ ಇದ್ದದ್ದು ಅರ್ಧ ಮಗ್ಗಿ. ಅದನ್ನೇ ಹಾಡಿದಳು. ತೊಟ್ಟಿಲು ತೂಗಿದಳು, ಹಿಂದಕ್ಕೆ ಮುಂದಕ್ಕೆ.

"ಹದಿಮೂರೊಂದ್ಲೆ ಹದಿಮೂರು.
ಹದಿಮೂರೆರಡ್ಲೆ ಇಪ್ಪತ್ತಾರು.
ಹದಿಮೂರ್ಮೂರ್ಲೆ ಮೂವತ್ತೊಂಬತ್ತು.
ಹದಿಮೂರ್ನಾಕ್ಲೆ ಐವತ್ತೆರಡು.
ಹದಿಮೂರೈದ್ಲೆ ಅರವತ್ತೈದು.
ಹದಿಮೂರಾರ್ಲೆ ಎಪ್ಪತ್ತೆಂಟು..."

ಮಗೂನ ಕಣ್ಣು ಎಳೀತಿತ್ತು. ಗಾಡಿ ಗಕ್ಕನೆ ನಿಂತಿತು. ಮಗು "ಊಂವ್ಯಾ!" ಅಂತು.

"ಅಯ್ಯೋ, ತೊಂಬತ್ತೊಂದು! ತೊಂಬತ್ತೊಂದು ಕಣೋ, ಅಳಬೇಡ! ಹದಿಮೂರೇಳ್ಲೆ ತೊಂಬತ್ತೊಂದು!"

ಮಗು ಬಾಯಿ ಮುಚ್ಚಿತು. ಕಣ್ಣು ಮುಚ್ಚಿತು. ಗೊರ್ ಅಂತು.

"ಮಗ್ಗಿ ಕೇಳಿದ್ರೆ ನಿದ್ದೆ ಬರೋದು ಇವರಪ್ಪನ ಕಾಲದಿಂದಲೂ ಐತೆ," ಅಂದಳು ಅತ್ತೆ.

ಮಗು ಮಲಗಿತು. ಅತ್ತೆ ಕಡೆದಳು, ಸರಬರ ಸರಬರ. ಮಜ್ಜಿಗೆ ಬಂತು.
ಗೌರಕ್ಕ ಮಜ್ಜಿಗೆ ಕುಡಿದಳು, ಗಟಗಟ ಗಟಗಟ. ಪುರಿ ಬಂತು.
ತಾತ ಪುರಿ ಮೆದ್ದ, ಕರುಂಕುರುಂ. ಒಡಕು ಮಡಕೆ ಬಂತು.
ಸಣ್ಣತಾಯಿ ಮಡಕೆಗೆ ಹುಲ್ಲು ತುಂಬಿದಳು, ಸಗಣಿ ಹಾಕಿದಳು, ಹುತ್ತದ ಮೇಲೆ ಬೋರಲು ಇಟ್ಟಳು. ಪಿತಪಿತ ಪಿತಪಿತ. ಗೆದ್ದಲು ಬಂತು.
ಗೆದ್ದಲು ನೋಡಿ ಕೋಳಿ ಎದ್ದಿತು. ಕೊಕ್ ಕೊಕ್ ಕೊಕ್!

ಕೋಳಿ ಎದ್ದಿತು, ತಂಬಿಟ್ಟು ಬಂತು!

ಬೆಚ್ಚಗಿತ್ತು. ಮೇಲೊಂದು ಪುಕ್ಕ ಅಂಟಿತ್ತು. ಊದಿದಳು. ಪುಕ್ಕ ಹಾರಿತು. ಊರೆಲ್ಲ ಸುತ್ತಿ ಸುಸ್ತಾಗಿತ್ತು. ಅರ್ಧ ಮುರಿದು ಬಾಯಿಗೆ ಹಾಕಿದಳು. ಬೆಲ್ಲ ಕರಗಿತು. ಎಳ್ಳು ಘಮ್ಮಂತು. ಕಾಲಿಗೆ ಓಟ ಬಂತು. ಉಳಿದರ್ಧ ಮುಷ್ಟೀಲಿ ಹಿಡಿದು ಸ್ಕೂಲಿಗೆ ಓಡಿದಳು.

ಮೇಷ್ಟ್ರು ಕೇಳ್ತಿದ್ದರು, "ಯಾರೂ ಇಲ್ವೇನ್ರೋ? ಹಂಗಾದ್ರೆ ನಾನೇ ಹೊಡೀತೀನಿ ಗಂಟೆ."

"ನಿಲ್ಲಿ ಸಾ! ನಾನಿದೀನಿ!"

ಬಾಗಿಲಲ್ಲೇ ನಿಂತು ಶುರು ಮಾಡಿದಳು. ಹದಿಮೂರು, ಇಪ್ಪತ್ತಾರು, ಮೂವತ್ತೊಂಬತ್ತು, ಐವತ್ತೆರಡು, ಅರವತ್ತೈದು, ಎಪ್ಪತ್ತೆಂಟು. ಎಲ್ಲರೂ ಉಸಿರು ಹಿಡಿದರು. ಗಾಡಿ ನಿಲ್ತಾ?

"ಹದಿಮೂರೇಳ್ಲೆ ತೊಂಬತ್ತೊಂದು!
ಹದಿಮೂರೆಂಟ್ಲೆ ನೂರನಾಕು!
ಹದಿಮೂರೊಂಬತ್ಲೆ ನೂರಹದಿನೇಳು!
ಹದಿಮೂರ್ಹತ್ಲೆ ನೂರಮೂವತ್ತು!"

ಮೇಷ್ಟ್ರು ಸುತ್ತಿಗೆ ಅವಳ ಕೈಗಿಟ್ಟರು. ಗಂಟೆ ಎಟುಕಲಿಲ್ಲ. ಸ್ಟೂಲು ಹಾಕಿಕೊಟ್ಟರು. ಸಣ್ಣತಾಯಿ ಹೊಡೆದಳು ನೋಡಿ, ಢಣ್! ಢಣ್! ಢಣ್! ಪಕ್ಕದೂರಿನ ಸ್ಕೂಲಿನವರೂ ತಮ್ಮದೇ ಗಂಟೆ ಅಂತ ಒಳಗೆ ಹೋಗಿ ಕೂತರು.

"ಸಾಕು, ಇಳಿಯವ್ವಾ ತಾಯಿ," ಅಂದರು ಮೇಷ್ಟ್ರು. "ಆ ಮುಷ್ಟೀಲಿ ಏನದು?"

"ಅರ್ಧ ತಂಬಿಟ್ಟು ಸಾ."

ಮೇಷ್ಟ್ರು ಆ ಕಡೆ ನೋಡಿದರು. ಈ ಕಡೆ ನೋಡಿದರು. ಬಗ್ಗಿ ಮೆಲ್ಲಗೆ ಕೇಳಿದರು, "ನಂಗೂ ಒಂಚೂರು ಕೊಡ್ತೀಯಾ?"

"ಹದಿನಾಲ್ಕರ ಮಗ್ಗಿ ಹೇಳಿ ಸಾ, ಕೊಡ್ತೀನಿ," ಅಂದಳು ಸಣ್ಣತಾಯಿ.

ಅಲ್ಲಿಗೆ ಅವರ ಗಂಟೆ ಹೊಡೀತು. ಇಲ್ಲಿ ನನ್ನ ಬಾಯಿ ಒಣಗಿತು. ಏಳ್ರೋ, ಯಾರ ಮನೆ ಡಬ್ಬೀಲಿ ಏನೈತೆ ನೋಡ್ಕೊಂಡು ಬನ್ನಿ!