ನೀಲವ್ವನ ಒಂದು ಸಾಲು

ನಂಬಲಾಗದಿದ್ದರೆ ಈಗಲೇ ಎದ್ದು ಹೋಗಿ, ಯಾರೂ ಕೈಹಿಡಿದು ಕೂರಿಸುವುದಿಲ್ಲ. ಹೊಳೆದಂಡೆಯ ಆಶ್ರಮದ ಭರಮಣ್ಣನಂಥ ಜಾಣ ಸುತ್ತ ಏಳು ಹಳ್ಳಿಯಲ್ಲಿ ಇರಲಿಲ್ಲ. ಕುರಿ ಕಾಯುತ್ತಲೇ ಕಂಪ್ಯೂಟರ್ ಕಲಿತವನು. ಆಶ್ರಮದ ಔಷಧಾಲಯದ ಕಂಪ್ಯೂಟರಿಗೆ ಅವನೇ ಒಂದು ಫಾರಂ ಕಟ್ಟಿದ್ದ. ರೋಗಿಯ ಹೆಸರು ಹೊಡೆದರೆ ಸಾಕು, ಹಿಂದೆ ಕೊಟ್ಟ ಮದ್ದೆಲ್ಲ ಪರದೆಯ ಮೇಲೆ.

ಆಗ ದಾಖಲೆಗಳೂ ಅದೇ ಕಂಪ್ಯೂಟರಿನಲ್ಲಿದ್ದವು. ಈಗ ಎಲ್ಲ ಶಾಖೆಗಳ ದಾಖಲೆ ದೂರದ ಮೂಲಮಠದ ಸರ್ವರ್ ಎಂಬ ದೊಡ್ಡ ಕಂಪ್ಯೂಟರಿಗೆ ಹೋಗಿತ್ತು.

"ಅಜ್ಜಾರ, ಅದಕ್ಕ ನನ್ನ ಫಾರಂ ಜೋಡಸೋದು ಎಡಗೈ ಕೆಲಸ. ಪಾಸ್‌ವರ್ಡ್ ನನಗ ಕೊಟ್ಟಬಿಡ್ರಿ. ಬರಿಯೋದು, ಅಳಸೋದು, ಎಲ್ಲಾ ನಾನ ನೋಡ್ಕೋತೇನಿ," ಎಂದ ಭರಮಣ್ಣ.

ಗುರು ರೇವಣಜ್ಜ, ಮದ್ದಿಗೆ ಬಂದು ದೋಣಿ ಕಾಯುತ್ತ ಕಟ್ಟೆಯ ಮೇಲೆ ಕೂತಿದ್ದ ನೀಲವ್ವನನ್ನು ತೋರಿಸಿದರು. ಹೋದಸಲ ಯಾವುದೋ ಮದ್ದು ತಿಂದು ಆಕೆಯ ಮೈ ಬಾತಿತ್ತು. ಯಾವುದೆಂದು ಆಕೆಗೆ ನೆನಪಿರಲಿಲ್ಲ.

"ದೋಣಿ ಬಿಡೋದರೊಳಗ ಈಕಿ ದಾಖಲೆ ತಂದು ತೋರಸು. ಆಮ್ಯಾಲ ಪಾಸ್‌ವರ್ಡ್ ಕೇಳು."

ಅಷ್ಟು ಹೇಳಿ, ಅವರೇ ಪಾಸ್‌ವರ್ಡ್ ಹೊಡೆದು ಸರ್ವರಿನ ಬಾಗಿಲು ತೆರೆದುಕೊಟ್ಟರು.

ಭರಮಣ್ಣ ಜೋಡಿಸಿದ. ಜೋಡಣೆ ಆಯಿತು. ನೀಲವ್ವನ ಹೆಸರು ಹೊಡೆದ. ಪರದೆಯ ಮೇಲಿನ ಚಕ್ರ ತಿರುಗಿತು. ತಿರುಗುತ್ತಲೇ ಇತ್ತು.

"ಲೈನ್ ಸರಿ ಇಲ್ರಿ ಅಜ್ಜಾರ."

"ಏನ್ ತರಸಾಕತ್ತಿ?"

"ಎಲ್ಲಾ ರೋಗಿಗಳ ದಾಖಲೆ ರೀ. ನಲವತ್ತು ಸಾವಿರ ಅದಾವ. ಬಂದಮ್ಯಾಗ ನೀಲವ್ವನ್ನ ಇಲ್ಲೇ ಆರಿಸಿಕೊಂಡ್ರ ಆತು."

"ಲಗೂನ ಆರಸಪಾ ತಮ್ಮಾ," ಎಂದಳು ನೀಲವ್ವ. "ಅಂಬಿಗ ಹುಟ್ಟು ಹಿಡದಾನ."

ಗುರುಗಳು ಎದ್ದು ನೀರಿನ ಅಂಚಿಗೆ ಹೋದರು. ಆಚೆ ದಂಡೆಯಲ್ಲಿ ಆಶ್ರಮದ ಮೂಲಿಕೆಗಳ ಉಗ್ರಾಣ. ಅದನ್ನು ನೋಡಿಕೊಳ್ಳುವ ಈರವ್ವನನ್ನು ಕೂಗಿದರು.

"ಈರವ್ವಾ! ದೋಣಿ ಅಲ್ಲಿ ಬಂದಕೂಡ್ಲೆ ಉಗ್ರಾಣದಾಗಿನ ಎಲ್ಲಾ ಚೀಲಾ ಅದರಾಗ ಹೇರು! ನನಗ ಒಂದ ಹಿಪ್ಪಲಿ ಬೇಕಾಗೇತಿ!"

ಆಚೆಯಿಂದ ಉತ್ತರ ಬಂತು. "ಅಜ್ಜಾರ, ಬಿಸಲು ತಲಿಗೇರೇತೇನ್ರಿ? ಹಿಪ್ಪಲಿ ಬೇಕಂತ ಹೇಳ್ರಿ, ಅದನ್ನಷ್ಟ ಕಳಸ್ತೇನಿ!"

ಭರಮಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಅರ್ಧಕ್ಕೇ ನಿಂತಿತು.

ಅವನು ಚಕ್ರವನ್ನು ನಿಲ್ಲಿಸಿದ. ಫಾರಂ ಬಿಚ್ಚಿ ಎರಡು ಸಾಲು ತಿದ್ದಿದ. ಈ ಸಲ ಸರ್ವರಿನಿಂದ ದಾಖಲೆಗಳನ್ನು ತರಿಸಲಿಲ್ಲ. ನೀಲವ್ವನ ಹೆಸರನ್ನೇ ಅಲ್ಲಿಗೆ ಕಳಿಸಿದ.

ಕಣ್ಣು ಮಿಟುಕಿಸುವಷ್ಟರಲ್ಲಿ ಒಂದೇ ಒಂದು ಸಾಲು ಬಂತು: ಜೇನಿನಲ್ಲಿ ಕೊಟ್ಟ ಪುಡಿಗೆ ಮೈ ಬಾತಿದೆ, ಜೇನು ಒಗ್ಗುವುದಿಲ್ಲ, ಪುಡಿಯನ್ನು ಬಿಸಿನೀರಿನಲ್ಲಿ ಕೊಡುವುದು.

ನೀಲವ್ವ ಪುಡಿಯ ಪೊಟ್ಟಣ ಸೆರಗಿಗೆ ಕಟ್ಟಿಕೊಂಡು ದೋಣಿ ಹತ್ತಿದಳು.

ಭರಮಣ್ಣ ಎದೆ ಉಬ್ಬಿಸಿದ. "ನೋಡಿದ್ರಿಲ್ಲೋ ಅಜ್ಜಾರ? ಈ ಸೀಮ್ಯಾಗ ಇನ್ನೊಬ್ಬ ಮಾಡಿ ತೋರಸಲಿ! ತರ್ರಿ ಪಾಸ್‌ವರ್ಡ್."

ಗುರುಗಳು ಚೀಟಿಯಲ್ಲಿ ಒಂದು ಪಾಸ್‌ವರ್ಡ್ ಬರೆದು ಕೊಟ್ಟರು. ಅದು ಅವರು ಆಗ ಹೊಡೆದದ್ದಲ್ಲ.

"ಇದರಿಂದ ಸರ್ವರಿನ್ಯಾಗ ಬರೀಬಹುದೇನ್ರಿ?"

"ಇಲ್ಲ."

"ಅಳಸಬಹುದೇನ್ರಿ?"

"ಇಲ್ಲಪಾ. ಹೆಸರು ಕಳಿಸಿ ಪ್ರಶ್ನೆ ಕೇಳಬಹುದು. ನಿನಗೂ ಬೇಕಾಗಿದ್ದು ಒಂದ ಹಿಪ್ಪಲಿ, ಅಷ್ಟ."