ಹಗ್ಗ ಹಿಡಿದ ಕೈ

“ಗುರುಗಳೇ, ತಪ್ಪು ಮಾಡದವನು ‘ನಾನು ಮಾಡಿಲ್ಲ’ ಎಂದು ಬಾಯಿಬಿಟ್ಟು ಹೇಳಬಾರದೇ? ಅಂಥವರನ್ನು ಹುಡುಕಿಕೊಂಡು ವಕೀಲರು ಸೆರೆಮನೆಯ ತನಕ ಏಕೆ ಹೋಗಬೇಕು?” ಎಂದು ನ್ಯಾಯಶಾಸ್ತ್ರ ಓದುತ್ತಿದ್ದ ಶಿಷ್ಯನೊಬ್ಬನು ಕೇಳಿದನು.

ಗುರುಗಳು ಈ ಕತೆಯನ್ನು ಹೇಳಿದರು.

ಒಬ್ಬ ವಕೀಲೆಯಿದ್ದಳು. ಅವಳು ಸೆರೆಮನೆಗೆ ಹೋಗಿ, ನೋಡಲು ಯಾರೂ ಬಾರದ ಕೈದಿಗಳು ಯಾರೆಂದು ವಿಚಾರಿಸುತ್ತಿದ್ದಳು. ಒಂದು ದಿನ ಕಾವಲುಗಾರನು ಕಾಡಿನವನೊಬ್ಬನನ್ನು ತೋರಿಸಿ ನಕ್ಕನು. “ತಂಗಿಯ ಗಂಡನನ್ನೇ ಬಂಡೆಯಿಂದ ಬೀಳಿಸಿದವನು ಇವನು. ತಾನೇ ಒಪ್ಪಿಕೊಂಡಿದ್ದಾನೆ. ನೀವೇಕಮ್ಮ ಸುಮ್ಮನೆ ಚಪ್ಪಲಿ ಸವೆಸುತ್ತೀರಿ?”

ಅವಳು ಕೈದಿಯನ್ನೇ ಕೇಳಿದಳು. ಅವನು ತಲೆ ಬಾಗಿಸಿ “ಕೈ ನನ್ನದು” ಎಂದನು. ಅದರಾಚೆಗೆ ಒಂದು ಮಾತೂ ಆಡಲಿಲ್ಲ. ವಕೀಲೆಗೆ ಅದು ಸರಿಕಾಣಲಿಲ್ಲ. ಅವಳು ಕಾಡಿನೊಳಗೆ ಅವನ ಜನರು ವಾಸಿಸುವ ಹಾಡಿಗೆ ಹೋದಳು.

ಅಲ್ಲಿನ ಜನರು ಬಂಡೆಯ ಜೇನು ಕೀಳುವವರು. ಒಬ್ಬನು ಹಗ್ಗದಲ್ಲಿ ಕೆಳಗಿಳಿದರೆ, ಅವನ ಹೆಂಡತಿಯ ಅಣ್ಣನು ಮೇಲೆ ನಿಂತು ಹಗ್ಗ ಹಿಡಿಯುವುದು ಅವರ ಪದ್ಧತಿ. ತಂಗಿಯನ್ನು ವಿಧವೆ ಮಾಡಲು ಯಾವ ಅಣ್ಣನ ಕೈಯೂ ಒಪ್ಪದು ಎಂಬುದು ಅವರ ನಂಬಿಕೆ.

ಸತ್ತವನ ಹೆಂಡತಿ ವಕೀಲೆಯನ್ನು ಕಂಡೊಡನೆ, “ಅಣ್ಣ ಯಾವಾಗ ಬರುತ್ತಾನೆ?” ಎಂದು ಕೇಳಿದಳು.

“ನಿನ್ನ ಗಂಡನನ್ನು ಕೊಂದವನು ಬರಲಿ ಎನ್ನುತ್ತೀಯಾ?”

“ಬಾಯಿಗೆ ಬಂದ ಹಾಗೆ ಆಡಬೇಡ ಅಕ್ಕಾ! ಕೊಂದದ್ದು ಕೊಳೆತ ಹಗ್ಗ. ಬಳ್ಳಿಯ ಹಗ್ಗ ಹೊಸೆಯುವವರೆಗೆ ಜೇನಿನ ವ್ಯಾಪಾರಿ ಕಾಯಲಿಲ್ಲ, ತನ್ನ ಬಾವಿಯ ಹಳೇ ಹಗ್ಗ ಕೊಟ್ಟು ಇಳಿಸಿದ. ಅದು ಹರಿದುಹೋಯಿತು. ಅಣ್ಣ ಕೈಬಿಟ್ಟ ಅಂತ ಪೊಲೀಸರ ಹತ್ತಿರ ಓಡಿದವನೂ ಅವನೇ.”

“ಮತ್ತೆ ನಿನ್ನಣ್ಣ ‘ಕೈ ನನ್ನದು’ ಎಂದು ಒಪ್ಪಿಕೊಂಡದ್ದೇಕೆ?”

“ಅದೆಲ್ಲಿಯ ಒಪ್ಪಿಗೆ! ಬಂಡೆಯಿಂದ ಬಿದ್ದವರ ಸಾವಿನಲ್ಲಿ ಹಿರಿಯರು ‘ಹಗ್ಗ ಹಿಡಿದ ಕೈ ಯಾರದು’ ಅಂತ ಕೇಳುತ್ತಾರೆ. ಹಿಡಿದವನು ‘ಕೈ ನನ್ನದು’ ಅನ್ನಬೇಕು. ಅನ್ನದಿದ್ದರೆ, ಸತ್ತವನೇ ಕಾಲು ಜಾರಿದ ಅಂತ ಅವನ ಹೆಸರು ಕೆಡುತ್ತದೆ. ನನ್ನ ಗಂಡನ ಮಾನಕ್ಕಾಗಿ ಅಣ್ಣ ಆ ಮಾತು ಹೇಳಿದ. ನಿಮ್ಮ ಊರಲ್ಲಿ ಸಾವಿನ ಮನೆಗೆ ಹೋದವರು ಬಾಯಿ ಹೊಲಿದುಕೊಂಡು ಕೂರುತ್ತಾರಾ?”

ವಕೀಲೆ ಮರಳಿ ಬಂದು ನ್ಯಾಯಾಲಯದ ಉಗ್ರಾಣವನ್ನು ತೆರೆಸಿದಳು. ಹರಿದ ಹಗ್ಗದ ಎರಡು ತುಂಡುಗಳು ಮೊಹರಿನೊಂದಿಗೆ ಅಲ್ಲಿಯೇ ಇದ್ದವು. ಒಂದು ಸತ್ತವನ ಸೊಂಟದಿಂದ ಬಿಚ್ಚಿದ್ದು, ಇನ್ನೊಂದು ಕೈದಿಯ ಮುಷ್ಟಿಯಿಂದ ಬಿಡಿಸಿದ್ದು. ಎರಡೂ ವಿಚಾರಣೆಯ ದಿನ ಮೇಜಿನ ಮೇಲೆಯೇ ಇದ್ದುವಂತೆ. ಕೈಬಿಟ್ಟವನ ಮುಷ್ಟಿಯಲ್ಲಿ ಹಗ್ಗ ಹೇಗೆ ಉಳಿಯಿತು ಎಂದು ಅಷ್ಟು ಮಂದಿ ಓದಿದವರಲ್ಲಿ ಒಬ್ಬರೂ ಕೇಳಿರಲಿಲ್ಲ. ಕಾಡಿನವನು ಎರಡು ಪದ ನುಡಿದದ್ದೇ ತಡ, ಉಳಿದವರೆಲ್ಲರೂ ಕಣ್ಣು ಮುಚ್ಚಿಕೊಂಡಿದ್ದರು.

ಮೇಲಿನ ನ್ಯಾಯಾಲಯದಲ್ಲಿ ಅವಳು ಆ ತುಂಡುಗಳನ್ನು ಮತ್ತೆ ಮೇಜಿನ ಮೇಲಿಟ್ಟಳು. ನ್ಯಾಯಾಧೀಶರು ಕೈದಿಯನ್ನು ಕೇಳಿದರು: “ಇದು ನಿಮ್ಮ ಸಾವಿನ ಪದ್ಧತಿ ಎಂದು ಅಂದೇ ಏಕೆ ಹೇಳಲಿಲ್ಲ?”

“ಗೊತ್ತಿದ್ದೇ ಕೇಳುತ್ತಿದ್ದಾರೆ ಅಂದುಕೊಂಡೆ ಸ್ವಾಮಿ. ಅಷ್ಟು ದೊಡ್ಡವರು ನಮ್ಮ ಸಾವಿಗೆ ಬಂದು, ನಮ್ಮ ಹಿರಿಯರ ಹಾಗೆಯೇ ‘ಹಗ್ಗ ಹಿಡಿದ ಕೈ ಯಾರದು’ ಅಂತ ಕೇಳಿದರಲ್ಲ, ನನ್ನ ಜೀವ ತಂಪಾಗಿತ್ತು.”

ಅವನ ಬಿಡುಗಡೆಯಾಯಿತು. ಆ ವೇಳೆಗೆ ಅವನ ಕೂದಲು ನರೆತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನು ತಡೆಯಲಾರದೆ ಕೇಳಿದನು: “ಆ ವ್ಯಾಪಾರಿಯನ್ನು ಯಾರೂ ಏನೂ ಕೇಳಲಿಲ್ಲವೇ, ಗುರುಗಳೇ?”

“ಕೇಳಿದರು, ‘ಹಗ್ಗ ನನ್ನದಲ್ಲ’ ಎಂದನು, ನಂಬಿದರು.”